ಮರ ಹೋಯಿತು, ಗಚ್ಚು ಉಳಿಯಿತು

ಸಿದ್ದಾಪುರದ ಭತ್ತದ ಗದ್ದೆಗಳನ್ನು ದಾಟಿ ಗಂಗಾವತಿಯ ಮೇಲೆ ಆನೆಗೊಂದಿಗೆ ಬಂದವರಿಗೆ ಊರ ನಡುವೆಯೇ ಗಗನ್ ಮಹಲ್ ಸಿಗುತ್ತದೆ. ಗೋಡೆಯಿಂದ ಹೊರಚಾಚಿದ ಅದರ ಗವಾಕ್ಷಿಗಳನ್ನು ನಿಂತು ನೋಡಬೇಕು.

ಕಡೇಬಾಗಿಲು ಸೇತುವೆಯಲ್ಲಿ ತುಂಗಭದ್ರೆ ದಾಟಿದರೆ ಹಂಪಿ. ಅಲ್ಲಿನ ರಾಣಿವಾಸದ ಎತ್ತರದ ಕೋಟೆಗೋಡೆಯೊಳಗೆ ಕಮಲ ಮಹಲ್ ಇದೆ. ಅಲೆಯಲೆಯಾಗಿ ಬಳುಕಿದ ಕಮಾನುಗಳ ಮೇಲೆ ಬಳ್ಳಿ, ಹಕ್ಕಿಗಳ ಗಾರೆ ಕೆಲಸ ಅಲ್ಲಲ್ಲಿ ಉಳಿದಿದೆ. ಪಕ್ಕದಲ್ಲೇ ಕೊಳದ ನಡುವೆ ಜಲಮಹಲಿನ ತಳಪಾಯ. ಹತ್ತಿರದಲ್ಲಿ ದೊಡ್ಡ ಅರಮನೆಯದೊಂದು ಕಲ್ಲಿನ ಜಗತಿ. ಅಷ್ಟೇ.

ಮಿಕ್ಕದ್ದು ಏನಾಯಿತು? ವಿಜಯನಗರದ ಅರಮನೆಗಳ ಕಂಬ, ಮಾಳಿಗೆಗಳು ಬಹುಮಟ್ಟಿಗೆ ಮರದವು. 1565ರ ಯುದ್ಧದ ನಂತರದ ಲೂಟಿ, ಬೆಂಕಿಗೆ ಅವು ಸಿಕ್ಕವು. ಇಟ್ಟಿಗೆ, ಗಚ್ಚಿನ ಕಮಲ ಮಹಲ್ ಬದುಕಿತು.

ಆದರೆ ಮರದ್ದೆಲ್ಲ ಅಳಿಯಲೇಬೇಕೆಂದಿಲ್ಲ. ಜಪಾನಿನ ಕ್ಯೋಟೋದಲ್ಲಿ 17ನೇ ಶತಮಾನದ ಕತ್ಸುರಾ ಅರಮನೆ ಮರ, ಕಾಗದದ್ದೇ. ಕೊಳ, ತೋಟ, ಚಹಾ ಕುಟೀರಗಳ ಸಮೇತ ಇಂದಿಗೂ ನಿಂತಿದೆ. 1976ರಿಂದ 1982ರವರೆಗೆ ಅದನ್ನು ಬಿಚ್ಚಿ, ಕೆಟ್ಟ ಮರ ಬದಲಿಸಿ ಮತ್ತೆ ಜೋಡಿಸಿದರು. ನಮ್ಮಲ್ಲಿ ಹಾಗೆ ಆರೈಕೆ ಮಾಡಬೇಕಾದ ದೊರೆಮನೆತನವೇ ರಾಜಧಾನಿ ಬಿಟ್ಟು ಪೆನುಗೊಂಡೆಗೆ ಹೋಗಿತ್ತು.

ಈಗ ಕಮಲ ಮಹಲಿನ ಸುತ್ತ ಹುಲ್ಲುಹಾಸು, ಮರಗಳ ನೆರಳು. ರಾಣಿಯರು ನೋಡಿದ ತೋಟ ಅದಲ್ಲ. ಕೊಳದ ಅಂಚಿನ ಕಲ್ಲುಗಳು ಮಾತ್ರ ಅಂದಿನವೇ.