ಎರೆನೆಲದ ಜರಿ

ಆದೋನಿ ಸೀಮೆಯಲ್ಲಿ ಶತಪದಿಯ ಹೆಸರಾದ ಕನ್ನಡದ ‘ಜರಿ’ಗೂ ತೆಲುಗಿನ ‘ಜೆರ್ರಿ’ಗೂ ನಡುವೆ ಇರುವುದು ಒಂದು ಸ್ವರ, ಒಂದು ಒತ್ತು, ಅಷ್ಟೇ. ಹೊಳಗುಂದ, ಕೌತಾಳಂ, ಕೋಸಿಗಿ ಕಡೆ ಎರಡೂ ಭಾಷೆ ಒಂದೇ ಅಂಗಳದಲ್ಲಿ ಆಡುತ್ತವೆ. ಯಾವ ರೂಪದಲ್ಲಿ ಕೂಗಿದರೂ ಪಕ್ಕದಲ್ಲಿದ್ದವರು ಕಾಲೆತ್ತುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಮೊದಲೆರಡು ಕರ್ನೂಲಿಗೆ ಸೇರಿದವು. ಗೆರೆ ಬಿದ್ದದ್ದು ಊರುಗಳ ನಡುವೆ. ಈ ಪದಕ್ಕೆ ಅದು ತಾಗಲೇ ಇಲ್ಲ.

ತೆಲುಗಿನ ಹಳೆಯ ಬರವಣಿಗೆಯಲ್ಲಿ ಜೆರ್ರಿಗೆ ಶಕಟರೇಫ, ಅಂದರೆ ಆ ಗಡುಸು ‘ಱ’ ಇತ್ತು. ಕನ್ನಡದ ಬರವಣಿಗೆ ‘ಱ’ವನ್ನು ಬಿಟ್ಟುಕೊಟ್ಟಿತು; ನಮ್ಮ ಜರಿ ಈಗ ಒಂದು ಗುಂಪಿನಲ್ಲಿ ಸಿಕ್ಕಿಕೊಂಡಿದೆ. ಮಾತಿನಿಂದ ಜರಿಯುವುದು ಒಂದು, ಹೊಳೆಯ ದಂಡೆ ಜರಿಯುವುದು ಇನ್ನೊಂದು, ಸೀರೆಯ ಸೆರಗಿಗೆ ಬಂದ ಪಾರಸಿಯ ಜರಿ ಮತ್ತೊಂದು. ಹುಳುವಿನ ಹೆಸರು ಇವುಗಳ ಕೆಳಗೆ ಅಡಗಿಹೋಯಿತು. ಪಟ್ಟಣದ ಮಕ್ಕಳಿಗೆ ಜರಿ ಎಂದರೆ ಮೊದಲು ಹೊಳೆಯುವುದು ರೇಷ್ಮೆಯೇ. ತೆಲುಗಿನಲ್ಲಿ ಪದ ಗಟ್ಟಿಯಾಗಿ ಉಳಿದಿದೆ. ಕೇರೆಹಾವಿಗೆ ಅವರು ‘ಜೆರ್ರಿಪೋತು’ ಅನ್ನುತ್ತಾರೆ; ನಾಲ್ಕಾರು ಇಂಚಿನ ಹುಳು ಮೊಳಗಟ್ಟಲೆ ಉದ್ದದ ಹಾವಿಗೆ ತನ್ನ ಹೆಸರನ್ನು ಕೊಟ್ಟಂತಿದೆ. ಸಹಸ್ರಪದಿಗೆ ಅವರದು ಬೇರೆಯೇ ಹೆಸರು, ‘ರೋಕಲಿಬಂಡ’. ರೋಕಲಿ ಎಂದರೆ ಒನಕೆ. ಚಪ್ಪಟೆಯಾಗಿ ಓಡುವುದು ಜೆರ್ರಿ, ದುಂಡಗೆ ಉರುಳುವಂತೆ ನಡೆಯುವುದು ರೋಕಲಿಬಂಡ ಎಂಬ ವಿಂಗಡಣೆಯನ್ನು ಹೊಲದವರು ಕಣ್ಣಳತೆಯಲ್ಲೇ ಮಾಡಿಟ್ಟಿದ್ದಾರೆ. ಪ್ರಾಣಿಶಾಸ್ತ್ರ ಅದನ್ನೇ ಕಾಲೆಣಿಸಿ ಹೇಳುತ್ತದೆ: ಜರಿಗೆ ಕಾಲಿರುವ ಒಂದೊಂದು ಖಂಡಕ್ಕೆ ಒಂದು ಜೊತೆ ಕಾಲು, ಸಹಸ್ರಪದಿಗೆ ಬಹುಪಾಲು ಖಂಡಗಳಲ್ಲಿ ಎರಡು ಜೊತೆ.

ಸಂಸ್ಕೃತ ಈ ಹುಳುವನ್ನು ಎರಡು ಕಡೆಯಿಂದ ಹಿಡಿಯಿತು. ಅಮರಕೋಶ ‘ಕರ್ಣಜಲೌಕಾ’ ಮತ್ತು ‘ಶತಪದೀ’ ಎಂಬ ಎರಡನ್ನೂ ಒಟ್ಟಿಗೇ ಇಟ್ಟಿದೆ. ಮೊದಲನೆಯದು ಕಿವಿಯ ಜಿಗಣೆ. ಮಲಗಿದವರ ಕಿವಿಗೆ ಹೋಗುತ್ತದೆಂಬ ಆ ಹಳೆಯ ಭಯವೇ ಆದೋನಿಯ ದಖ್ಖನಿ ಮಾತಿನ ಮನೆಗಳಿಗೆ ಗೊತ್ತಿರುವ ‘ಕನ್‌ಖಜೂರಾ’ದಲ್ಲೂ ಕಿವಿಯಾಗಿ ಉಳಿದಿದೆ. ಎರಡನೆಯದು ಎಣಿಕೆಯ ಹೆಸರು. ನಮ್ಮ ಪಠ್ಯಪುಸ್ತಕಗಳಿಗೆ ಬಂದದ್ದು ಅದೇ.

ವೈದ್ಯರಿಗೆ ಎಣಿಕೆ ಸಾಲಲಿಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಶತಪದಿಗಳು ಎಂಟು ಬಗೆ: ಪರುಷಾ, ಕೃಷ್ಣಾ, ಚಿತ್ರಾ, ಕಪಿಲಾ, ಪೀತಿಕಾ, ರಕ್ತಾ, ಶ್ವೇತಾ, ಅಗ್ನಿಪ್ರಭಾ. ಬಹುತೇಕ ಬಣ್ಣದ ಹೆಸರುಗಳೇ. ಕಚ್ಚಿದರೆ ಊತ, ನೋವು, ಎದೆಯಲ್ಲಿ ಉರಿ. ಕೊನೆಯ ಎರಡು ಕಚ್ಚಿದರೆ ಮೂರ್ಛೆ, ಬಿಳಿ ಗುಳ್ಳೆಗಳೂ ಸೇರುತ್ತವೆ. ನನ್ನನ್ನು ಹಿಡಿದು ನಿಲ್ಲಿಸುವ ಹೆಸರು ಅಗ್ನಿಪ್ರಭಾ. ಅದು ಬರೀ ಕೆಂಡದ ಬಣ್ಣವಿರಬಹುದು. ಆದರೆ ಕತ್ತಲಲ್ಲಿ ನಿಜವಾಗಿಯೂ ಬೆಳಗುವ ಜರಿಗಳಿವೆ. ನಮ್ಮ ದೇಶವೂ ಸೇರಿ ಉಷ್ಣವಲಯದ ಹಲವೆಡೆ ಇರುವ ಆರ್ಫ್ನೀಯಸ್ ಎಂಬ ಮಣ್ಣಿನ ಜರಿ, ಕೆಣಕಿದರೆ ಮಿನುಗುವ ಅಂಟನ್ನು ಹೊರಬಿಡುತ್ತದೆ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಯೂರೋಪಿನ ಇಂಥದೇ ಒಂದಕ್ಕೆ ‘ಎಲೆಕ್ಟ್ರಿಕಾ’ ಎಂದು ಹೆಸರಿಟ್ಟ. ಅಷ್ಟು ದೂರದ ಇಬ್ಬರು ವರ್ಗೀಕಾರರೂ ಈ ಪುಟ್ಟ ಜೀವಿಯಲ್ಲಿ ಬೆಳಕನ್ನು ಕಂಡಿರಬಹುದೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನು ‘ಶತಪದಿ’ಯ ಆ ನೂರು. ನಾವು ಮನೆಯ ಮೂಲೆಯಲ್ಲಿ ಕಂಡು ಬೆಚ್ಚುವ ದಪ್ಪ ಜರಿಗೆ ಸಾಮಾನ್ಯವಾಗಿ 21 ಜೊತೆ, ಅಂದರೆ 42 ಕಾಲು. ಮಣ್ಣಿನೊಳಗಿನವು ಬೇರೊಂದು ಗಣ. ಇಂಗ್ಲೆಂಡಿನ ಲೀಚ್ 1814ರಲ್ಲಿ ಅವುಗಳಲ್ಲಿ ಒಂದು ಕುಲಕ್ಕೆ ‘ಜಿಯೋಫಿಲಸ್’, ಮಣ್ಣನ್ನು ಪ್ರೀತಿಸುವುದು, ಎಂದು ಗ್ರೀಕ್ ಹೆಸರಿಟ್ಟ. ಈ ಗಣದವಕ್ಕೆ 27ರಿಂದ 191 ಜೊತೆವರೆಗೆ ಕಾಲುಗಳು. ಜೊತೆಗಳ ಎಣಿಕೆ ಯಾವಾಗಲೂ ಬೆಸ. ನೂರು ಕಾಲಾಗಬೇಕಾದರೆ 50 ಜೊತೆ ಬೇಕು, 50 ಸರಿಸಂಖ್ಯೆ. 1843ರಲ್ಲಿ ನ್ಯೂಪೋರ್ಟ್ ಹೆಸರಿಸಿದ ಮೆಸಿಸ್ಟೊಸೆಫಾಲಸ್ ಕುಲದ ಹಲವು ಪ್ರಭೇದಗಳಿಗೆ 49 ಜೊತೆ, ಅಂದರೆ 98 ಕಾಲು. ಇನ್ನು ಕೆಲವಕ್ಕೆ 51 ಜೊತೆ, 102. ಶತಪದಿ ಎಂಬ ಹೆಸರಿಗೆ ಇಷ್ಟು ಹತ್ತಿರ ಬಂದೂ ನೂರರಲ್ಲಿ ನಿಲ್ಲುವುದಿಲ್ಲ.

ಕಪ್ಪುಮಣ್ಣಿನ ಬದುಕಿಗೆ ಈ ಮಣ್ಣಿನ ಜರಿಯ ಮೈ ಚೆನ್ನಾಗಿ ಒಗ್ಗಿದೆ. ಕಣ್ಣಿಲ್ಲ, 14 ಗೆಣ್ಣಿನ ಮೀಸೆಗಳೇ ದಾರಿ ತಡವುತ್ತವೆ. ದೇಹ ಒಂದೆಡೆ ದಪ್ಪವಾಗಿ, ಇನ್ನೊಂದೆಡೆ ತೆಳ್ಳಗೆ ಎಳೆದುಕೊಂಡು ಬಿರುಕಿನೊಳಗೆ ನುಗ್ಗುತ್ತದೆ. ವಿಷದ ಕೊಂಡಿ ಬಾಲದಲ್ಲಿಲ್ಲ, ಹಲ್ಲೂ ಅಲ್ಲ. ತಲೆಯ ಹಿಂದಿನ ಮೊದಲ ಜೊತೆ ಕಾಲುಗಳೇ ಕೊಂಡಿಗಳಾಗಿವೆ. ಸಾಮಾನ್ಯವಾಗಿ ಅವು ನಮ್ಮ ಚರ್ಮವನ್ನು ಸೀಳಲಾರವು. ಮರಿ ಮೊಟ್ಟೆಯಿಂದ ಬರುವಾಗಲೇ ಅದರ ಖಂಡಗಳ ಲೆಕ್ಕ ಪೂರ್ತಿಯಾಗಿರುತ್ತದೆ. ತಾಯಿ ಮೊಟ್ಟೆ, ಮರಿಗಳನ್ನು ಸುತ್ತಿಕೊಂಡು ಕಾಯುತ್ತಾಳೆ: ಮೆಸಿಸ್ಟೊಸೆಫಾಲಸ್ ಬಳಗದವಳು ಹೊಟ್ಟೆಯನ್ನು ಮರಿಗಳ ಕಡೆ ಇಟ್ಟು, ಉಳಿದ ಮಣ್ಣಿನ ಜರಿಗಳು ಬೆನ್ನನ್ನು ಅವುಗಳ ಕಡೆ ಮಾಡಿ. ಗಣವನ್ನು ಎರಡು ಕವಲಾಗಿ ಒಡೆಯುವಾಗ ವಿದ್ವಾಂಸರು ಈ ತಾಯ್ತನದ ಭಂಗಿಯನ್ನೂ ಗಣನೆಗೆ ತಂದರು.

ಇಷ್ಟೆಲ್ಲ ಇರುವ ಜೀವಿ ಊರ ಬಾಯಲ್ಲಿ ದಪ್ಪ ಜರಿಯ ಜೊತೆ ಬರೀ ‘ಜರಿ’ ಎನಿಸಿಕೊಂಡು, ಅದೇ ಹೆಸರಿನ ತಪ್ಪಿಗೆ ಚಪ್ಪಲಿಯ ಏಟು ತಿನ್ನುತ್ತದೆ. ಇದಕ್ಕೆ ಬೇರೆ ಹೆಸರು ಬೇಕು. ‘ಎರೆಜರಿ’ ಎನ್ನಬಹುದು ಅನ್ನಿಸುತ್ತದೆ. ಕನ್ನಡದಲ್ಲಿ ಎರೆ ಎಂದರೆ ಹತ್ತಿ ಬೆಳೆಯುವ ಕಪ್ಪುನೆಲ. ಗಾಳಕ್ಕೆ ಸಿಕ್ಕಿಸುವ ಆಹಾರವೂ ಎರೆಯೇ. ಆ ನೆಲದಲ್ಲಿ ಬಾಳುವ ಈ ಜರಿಗಳಲ್ಲಿ ದೊಡ್ಡವು ಎರೆಹುಳುಗಳನ್ನೇ ಹಿಡಿದು ತಿನ್ನುತ್ತವೆ. ಕಪ್ಪುನೆಲಕ್ಕೆ ತೆಲುಗಿನವರು ‘ರೇಗಡಿ’ ಅನ್ನುವುದರಿಂದ ಈ ಹೆಸರಿನ ನೆಲ ಅವರಿಗೆ ಕೇಳಿಸಲಿಕ್ಕಿಲ್ಲ. ಆದರೆ ಗಾಳದ ಆಹಾರಕ್ಕೆ ಅವರಲ್ಲೂ ‘ಎರ’ ಎಂದೇ ಹೆಸರು. ಆದೋನಿಯ ಸಂತೆಯಲ್ಲಿ ಎರೆಜರಿ ಅಂದರೆ ಬೇಟೆಯ ಅರ್ಥವಾದರೂ ಅವರಿಗೆ ಸಿಗುತ್ತದೆ, ಜೆರ್ರಿಯಂತೂ ಮೊದಲೇ ಗೊತ್ತು.