ಸಂಗೀತಕ್ಕೂ ಡಿಗ್ರಿ: ಮದ್ರಾಸಿನಲ್ಲಿ ತೆರೆದ ಬಾಗಿಲು

ಚೆನ್ನೈನಲ್ಲಿ ಕೆಲಸಕ್ಕಿರೋ ನಮಗೆಲ್ಲ ಡಿಸೆಂಬರ್ ಕಚೇರಿಗಳು ಗೊತ್ತು. ಇದೇ ಊರಲ್ಲಿ ಸಂಗೀತ ಕಾಲೇಜಿನ ಓದು ಆದದ್ದು ಹೇಗೆ? ಇವತ್ತು ಅದನ್ನ ನೋಡೋಣ.

ಮೊದಲು ಹಳೇ ಪದ್ಧತಿ. ನಮ್ಮ ಮೈಸೂರು ವಾಸುದೇವಾಚಾರ್ಯರು (1865–1961) ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಕಲಿಯೋಕೆ ತಿರುವೈಯಾರಿಗೆ ಹೋದರು. ಖರ್ಚಿಗೆ ಮೈಸೂರು ಅರಮನೆಯ ನೆರವಿತ್ತು. ಗುರುಕುಲ ಅಂದ್ರೆ ಗುರುಸೇವೆ, ಗುರು ಹಾಡಿದ್ದನ್ನ ಕೇಳಿ ಕಲಿಯೋದು. ವಿದ್ಯೆ ಆಳವಾಗಿ ಇಳಿಯುತ್ತಿತ್ತು, ನಿಜ. ಆದರೆ ಗುರು ಒಪ್ಪಬೇಕು, ಮನೆಯವರು ಕಳಿಸಬೇಕು, ಯಾರಾದರೂ ಹಣ ಕೊಡಬೇಕು. ಸಾಮಾನ್ಯ ಗೃಹಸ್ಥರ ಮನೆಯ ಹುಡುಗಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿತ್ತು.

1927ರಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನದ ಜೊತೆಗೇ ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲ 1928ರ ಮ್ಯೂಸಿಕ್ ಅಕಾಡೆಮಿ. ಸುಮಾರು ಅದೇ ಕಾಲಕ್ಕೆ ಮರೀನಾ ಎದುರಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸಂಗೀತ ಪಠ್ಯವಿಷಯ ಆಯ್ತು. ಗಮನಿಸಿ, ಇದು 1914ರಲ್ಲಿ ಶುರುವಾದ ಮಹಿಳಾ ಕಾಲೇಜು! ಅಲ್ಲಿ ಪಾಠ ಹೇಳಿದ ಪಿ. ಸಾಂಬಮೂರ್ತಿ ಕಾನೂನು ಪದವೀಧರರು. ಮುಂದೆ ಸಂಗೀತಕ್ಕೆ ಪಠ್ಯಪುಸ್ತಕಗಳನ್ನೂ ಬರೆದರು. 1932ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದಲ್ಲೂ ಸಂಗೀತ ವಿಭಾಗ ಬಂತು. 1949ರಲ್ಲಿ ಸರ್ಕಾರದ್ದೇ ಸಂಗೀತ ಕಾಲೇಜು ಶುರುವಾಯ್ತು, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಅದರ ಮೊದಲ ಪ್ರಾಂಶುಪಾಲರು.

ಹಾಗಾದರೆ ಗುರು ಮೂಲೆಗೆ ಸರಿದರಾ? ಇಲ್ಲ. ವಾಸುದೇವಾಚಾರ್ಯರೇ ಇಳಿವಯಸ್ಸಿನಲ್ಲಿ ಇದೇ ಊರಿನ ಕಲಾಕ್ಷೇತ್ರಕ್ಕೆ ಬಂದು ಕಲಿಸಿದರು. ಶಿಷ್ಯ ಗುರುವಿನ ಮನೆ ಹುಡುಕಿ ಹೋಗುತ್ತಿದ್ದ ಕಾಲ ಹೋಗಿ, ಗುರುವೇ ಸಂಸ್ಥೆಗೆ ಬರೋ ಕಾಲ ಬಂದಿತ್ತು.

ಈ ಇತಿಹಾಸ ನನಗೆ ಈಗ ಯಾಕೆ ಬೇಕಾಯ್ತು ಅಂದ್ರೆ, ನಮ್ಮಕ್ಕನ ಮಗಳು ಪಿಯುಸಿ ಮುಗಿಸಿ ಸಂಗೀತದಲ್ಲೇ ಬಿ.ಎ. ಮಾಡ್ತೀನಿ ಅಂತ ಕೂತಿದ್ದಾಳೆ. "ಮೊದಲು ಇಂಜಿನಿಯರಿಂಗ್ ಮುಗಿಸ್ಲಿ, ನೀನಾದ್ರೂ ಹೇಳೋ" ಅಂತಾಳೆ ಅಕ್ಕ. ಎಂ.ಟೆಕ್ ಮಾಡಿದ ಮಾವ ತನ್ನ ಪರ ಅಂತ ಅವಳ ಲೆಕ್ಕ.

ನಾನು ಅಕ್ಕನಿಗೆ ಹೇಳಿದ್ದಿಷ್ಟು: ಡಿಗ್ರಿ ಯಾರನ್ನೂ ವಿದ್ವಾಂಸರನ್ನಾಗಿ ಮಾಡಲ್ಲ, ಅದಕ್ಕೆ ಗುರು ಬೇಕು, ವರ್ಷಗಟ್ಟಲೆ ಸಾಧಕ ಬೇಕು. ಸಂಪಾದನೆಯ ಭಯವೂ ಸುಳ್ಳಲ್ಲ. ಆದರೆ ಅರಮನೆ ನೆರವು, ಗುರುವಿನ ಮನೆಯಲ್ಲಿ ಜಾಗ ಎರಡೂ ಸಿಗದ ಹುಡುಗಿಯರಿಗೆ ಅಂತಲೇ ತೆರೆದ ಬಾಗಿಲು ಅದು. ಅದನ್ನ ನಾವೇ ಮುಚ್ಚೋದು ಬೇಡ.

ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದಿದ್ರೆ ಕೆಳಗೆ ಬರೀರಿ. ಮತ್ತೆ ಸಿಗೋಣ.