ಗೊಂಬೆಗೆ ಹೃದಯ ಬಂದ ಕಥೆ

ಮಕ್ಕಳು ಗೊಂಬೆಗೆ ಅನ್ನ ಉಣಿಸುವುದನ್ನೂ ಜೋಗುಳ ಹಾಡಿ ಮಲಗಿಸುವುದನ್ನೂ ನೀವೆಲ್ಲರೂ ಕಂಡಿದ್ದೀರಿ. ಮಗುವಿನ ಪಾಲಿಗೆ ಗೊಂಬೆ ನಿರ್ಜೀವ ವಸ್ತುವಲ್ಲ. ಈ ಸಹಜ ಭಾವನೆಯನ್ನೇ ಆಧಾರವಾಗಿಟ್ಟುಕೊಂಡ 'ಟಾಯ್ ಸ್ಟೋರಿ' ಎಂಬ ಚಲನಚಿತ್ರ 1995ರ ನವೆಂಬರ್ 22ರಂದು ಅಮೆರಿಕದಲ್ಲಿ ತೆರೆಕಂಡಿತು. ಸಂಪೂರ್ಣವಾಗಿ ಗಣಕಯಂತ್ರದಲ್ಲೇ ರೂಪುಗೊಂಡ ಮೊತ್ತಮೊದಲ ಪೂರ್ಣಾವಧಿ ಚಿತ್ರವೆಂದು ಅದು ಪ್ರಸಿದ್ಧ. ಆದರೆ ಅದನ್ನು ಉಳಿಸಿದ್ದು ಯಂತ್ರವಲ್ಲ ಎಂಬುದನ್ನು ಅದರ ಇತಿಹಾಸವೇ ಹೇಳುತ್ತದೆ.

ಚಿತ್ರವನ್ನು ನಿರ್ಮಿಸಿದ ಪಿಕ್ಸಾರ್ ಸಂಸ್ಥೆ 1986ರಲ್ಲಿ ಸ್ಟೀವ್ ಜಾಬ್ಸ್ ಅವರ ಬಂಡವಾಳದಿಂದ ಸ್ವತಂತ್ರವಾಗಿ ನಿಂತಿತು. ಅಲ್ಲಿನ ಜಾನ್ ಲ್ಯಾಸೆಟರ್ 1988ರಲ್ಲಿ 'ಟಿನ್ ಟಾಯ್' ಎಂಬ ಐದು ನಿಮಿಷಗಳ ಕಿರುಚಿತ್ರವನ್ನು ನಿರ್ದೇಶಿಸಿದರು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಎಸೆಯುವ ಮಗುವಿಗೆ ಹೆದರಿ ತಗಡಿನ ಗೊಂಬೆಯೊಂದು ಸೋಫಾದಡಿ ಅವಿತುಕೊಳ್ಳುತ್ತದೆ. ಮಗು ಬಿದ್ದು ಅಳತೊಡಗಿದಾಗ ತನ್ನ ಭಯವನ್ನು ಬದಿಗಿಟ್ಟು ಅದನ್ನು ಸಂತೈಸಲು ಹೊರಬರುತ್ತದೆ. ಈ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. 1991ರಲ್ಲಿ ಡಿಸ್ನಿ ಸಂಸ್ಥೆ ಪೂರ್ಣಾವಧಿ ಚಿತ್ರಕ್ಕಾಗಿ ಪಿಕ್ಸಾರ್‌ನೊಂದಿಗೆ ಒಪ್ಪಂದ ಮಾಡಿಕೊಂಡಿತು.

ಆಟಿಕೆಗಳ ಆಯ್ಕೆಗೆ ಮತ್ತೊಂದು ಕಾರಣವೂ ಇತ್ತು. ಮನುಷ್ಯನ ಚರ್ಮ, ತಲೆಗೂದಲುಗಳನ್ನು ಸಹಜವಾಗಿ ಮೂಡಿಸುವುದು ಅಂದಿನ ಗಣಕಯಂತ್ರಗಳಿಗೆ ಬಲು ಕಷ್ಟವಾಗಿತ್ತು. ಪ್ಲಾಸ್ಟಿಕ್ಕಿನ ನುಣುಪು, ಹೊಳಪುಗಳು ಸುಲಭವಾಗಿ ಒದಗುತ್ತಿದ್ದವು. ಹೀಗೆ ಯಂತ್ರದ ಮಿತಿಯೂ ಕಥೆಗೆ ದಾರಿ ತೋರಿತು.

ಆಂಡಿ ಎಂಬ ಬಾಲಕನಿಗೆ ವುಡಿ ಎಂಬ ಹಳೆಯ ಕೌಬಾಯ್ ಗೊಂಬೆಯೇ ಅಚ್ಚುಮೆಚ್ಚು. ಹುಟ್ಟುಹಬ್ಬದ ದಿನ ಬಝ್ ಲೈಟ್‌ಇಯರ್ ಎಂಬ ಗಗನಯಾತ್ರಿ ಗೊಂಬೆ ಮನೆಗೆ ಬಂದಾಗ ವುಡಿಯ ಸ್ಥಾನ ಅಲುಗಾಡುತ್ತದೆ. 1993ರ ನವೆಂಬರಿನಲ್ಲಿ ಚಿತ್ರದ ಕರಡು ರೂಪವನ್ನು ಡಿಸ್ನಿಯ ಹಿರಿಯರಿಗೆ ತೋರಿಸಲಾಯಿತು. ಕಥೆ ಹರಿತವಾಗಿರಲಿ ಎಂಬ ಅವರ ಒತ್ತಾಯದಿಂದ ವುಡಿ ಅಷ್ಟರಲ್ಲಿ ಕಟುಕನಾಗಿಬಿಟ್ಟಿದ್ದ. ಜೊತೆಗಾರರನ್ನು ಹೀಯಾಳಿಸುತ್ತಿದ್ದ, ಬಝ್‌ನನ್ನು ಬೇಕೆಂದೇ ಕಿಟಕಿಯಿಂದ ಹೊರಗೆ ತಳ್ಳುತ್ತಿದ್ದ. ಇಂಥ ನಾಯಕನನ್ನು ಯಾರೂ ಮೆಚ್ಚಲಿಲ್ಲ. ನಿರ್ಮಾಣ ಕಾರ್ಯ ಸ್ಥಗಿತಗೊಂಡಿತು. ಹಲವರ ವರ್ಷಗಳ ಶ್ರಮ ವ್ಯರ್ಥವಾಗುವ ಸ್ಥಿತಿ ಒದಗಿತು.

ಲ್ಯಾಸೆಟರ್ ಮತ್ತು ಸಂಗಡಿಗರು ಎದೆಗುಂದದೆ ಕಥೆಯನ್ನು ಮತ್ತೆ ಬರೆದರು. ಹೊಸ ವುಡಿಯಲ್ಲಿ ಅಸೂಯೆ ಹಾಗೇ ಉಳಿಯಿತು, ಕ್ರೌರ್ಯ ಹೋಯಿತು. ಅವನು ಎಲ್ಲ ಆಟಿಕೆಗಳ ಯೋಗಕ್ಷೇಮ ವಿಚಾರಿಸುವ ಹಿರಿಯನಾದ. ಬಝ್‌ನನ್ನು ಮೇಜಿನ ಹಿಂದೆ ಬೀಳಿಸಲು ಹೋಗಿ, ಎಣಿಸದ ರೀತಿಯಲ್ಲಿ ಕಿಟಕಿಯಿಂದಾಚೆ ಬೀಳಿಸಿಬಿಡುತ್ತಾನೆ. ಬಳಿಕ ಅವನನ್ನು ಮನೆಗೆ ಕರೆತರಲು ಪಾಡು ಪಡುತ್ತಾನೆ. 1994ರಲ್ಲಿ ಕೆಲಸ ಪುನಃ ಆರಂಭವಾಯಿತು. ಸುಮಾರು 80 ನಿಮಿಷಗಳ ಚಿತ್ರಕ್ಕಾಗಿ ಒಂದು ಲಕ್ಷಕ್ಕೂ ಮಿಕ್ಕಿದ ಬಿಡಿಚಿತ್ರಗಳನ್ನು ಗಣಕಯಂತ್ರಗಳು ಒಂದೊಂದಾಗಿ ರೂಪಿಸಿದವು. ಲ್ಯಾಸೆಟರ್ ಅವರಿಗೆ 1996ರಲ್ಲಿ ವಿಶೇಷ ಆಸ್ಕರ್ ಸಂದಿತು. ಮೂಲ ಚಿತ್ರಕಥೆಯ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಪ್ರಥಮ ಅನಿಮೇಷನ್ ಚಿತ್ರವೂ ಇದೇ ಆಯಿತು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಇದಕ್ಕೆ ಸ್ಥಾನ ದೊರೆಯಿತು.

ಓದುಗರೇ, ತಿದ್ದಿದ ಕಥೆಯಲ್ಲಿನ ಒಂದು ಸನ್ನಿವೇಶವನ್ನು ಗಮನಿಸಿರಿ. ತಾನು ನಿಜವಾದ ಗಗನವೀರನೆಂದೇ ನಂಬಿದ್ದ ಬಝ್, ತಾನೊಂದು ಆಟಿಕೆಯೆಂದು ದೂರದರ್ಶನದ ಜಾಹೀರಾತಿನಿಂದ ತಿಳಿದು ಕುಸಿದುಹೋಗುತ್ತಾನೆ. ಅವನಿಗೆ ಧೈರ್ಯ ಹೇಳುವವನು ಅವನ ಪ್ರತಿಸ್ಪರ್ಧಿಯಾದ ವುಡಿಯೇ. ನಿನ್ನನ್ನು ಪ್ರೀತಿಸುವ ಮಗುವೊಂದಿದೆ, ಅದಕ್ಕಿಂತ ದೊಡ್ಡ ಪದವಿ ಯಾವುದು ಎಂಬುದು ಅವನ ಮಾತಿನ ತಿರುಳು. ಬಝ್ ತನ್ನ ಪಾದವನ್ನು ಎತ್ತಿ ನೋಡುತ್ತಾನೆ. ಆಂಡಿ ಅಲ್ಲಿ ತನ್ನ ಹೆಸರನ್ನು ಬರೆದಿರುತ್ತಾನೆ.

ಹೊಸ ಕೂಸು ಮನೆಗೆ ಬಂದಾಗ ಹಿರಿಯ ಮಗು ಮುನಿಸಿಕೊಳ್ಳುವುದು ನಮ್ಮ ಕುಟುಂಬಗಳಲ್ಲೂ ಉಂಟು. ಆ ಮುನಿಸನ್ನು ಗದರಿಸಿ ಅಡಗಿಸುವವರು ಅನೇಕರು. ಈ ಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡಿರಿ. ಮುಗಿದ ಬಳಿಕ, ವುಡಿಗೆ ಅಂದು ಏಕೆ ಅಷ್ಟು ನೋವಾಯಿತೆಂದು ನಿಮ್ಮ ಹಿರಿಯ ಮಗುವನ್ನೇ ಕೇಳಿರಿ. ಉತ್ತರವನ್ನು ಸಾವಧಾನವಾಗಿ ಆಲಿಸಿರಿ.